ಸಹಾಯ ಬೇಕು: ಹಾಯಿದೋಣಿಯ ವೈರಿಂಗ್‌ನಲ್ಲಿ 60 ಓಮ್ ಬದಲು 40 ಬರುತ್ತಿದೆ

ಬಲ್ಲವರಿಗೆ ನಮಸ್ಕಾರ. ದಾವಣಗೆರೆಯಲ್ಲಿ ಲಾರಿಗಳ ವೈರಿಂಗ್ ಮಾಡುವವನು ನಾನು. ಕಾರವಾರದಲ್ಲಿರುವ ಅಕ್ಕನ ಮಗ ಹಳೆಯ ಫೈಬರ್ ಹಾಯಿದೋಣಿ ಕೊಂಡು, ಆಳ, ವೇಗ, ಗಾಳಿ ತೋರಿಸುವ ಹೊಸ ಉಪಕರಣಗಳನ್ನು ಜೋಡಿಸಿಕೊಡಿ ಮಾಮಾ ಎಂದು ಕರೆಸಿಕೊಂಡ.

ಲಾರಿಯಲ್ಲಿ ಚಾಸಿಯೇ ಅರ್ತ್. ಫೈಬರ್ ದೋಣಿಯಲ್ಲಿ ಆ ಅನುಕೂಲವಿಲ್ಲ, ನೆಗೆಟಿವ್ ತಂತಿಯನ್ನೂ ಎಳೆಯಬೇಕು. ಎಳೆದಿದ್ದೇನೆ, ಫ್ಯೂಸ್ ಹಾಕಿದ್ದೇನೆ. ತೊಡಕಿರುವುದು ಎನ್‌ಎಂಇಎ 2000 ಜಾಲದಲ್ಲಿ, ಅಂದರೆ ದೋಣಿಯ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ಕೇಬಲ್ ಜಾಲದಲ್ಲಿ. ಮುಖ್ಯ ಕೇಬಲ್‌ನ ಎರಡೂ ತುದಿಗೆ 120 ಓಮ್ ಟರ್ಮಿನೇಟರ್ (ಕೊನೆಯಲ್ಲಿ ಹಾಕುವ ರೆಸಿಸ್ಟರ್) ಇದೆ. ವಿದ್ಯುತ್ ಆರಿಸಿ ಎರಡು ಡೇಟಾ ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು, 40 ಬರುತ್ತಿದೆ. ಲೆಕ್ಕ ಹಾಕಿದರೆ ಮೂರನೆಯ ಟರ್ಮಿನೇಟರ್ ಎಲ್ಲೋ ಅಡಗಿರಬೇಕು. ಹಾಯಿಕಂಬದ ತುದಿಯ ಗಾಳಿಮಾಪಕದೊಳಗೇ ಇದೆಯೇ ಎಂಬುದು ನನ್ನ ಅನುಮಾನ. ಹಾಗಿದ್ದರೆ ಕಂಬದ ಬುಡದಲ್ಲಿ ಹಾಕಿರುವ ಟರ್ಮಿನೇಟರನ್ನು ತೆಗೆದು, ಕಂಬದ ಕೇಬಲನ್ನೇ ಮುಖ್ಯ ಕೇಬಲ್‌ನ ಕೊನೆಯ ಭಾಗವಾಗಿಸಬಹುದೇ? ಮುಖ್ಯ ಕೇಬಲ್‌ನಿಂದ ಉಪಕರಣಕ್ಕೆ ಹೋಗುವ ಕವಲು ಕೇಬಲ್ 6 ಮೀಟರ್ ಮೀರಬಾರದು. ಕಂಬದ್ದು ಅದಕ್ಕಿಂತ ಉದ್ದ.

ಕಲಾಯಿ ಹಾಕಿದ ತಾಮ್ರದ ತಂತಿ ನಮ್ಮ ಊರಿನಲ್ಲಿ ಎಲ್ಲಾದರೂ ಸಿಗುತ್ತದೆಯೇ? ಉಪ್ಪುಗಾಳಿಯಲ್ಲಿ ಬರಿಯ ತಾಮ್ರ ಹಸಿರುಗಟ್ಟುತ್ತದೆ.

ಹುಡುಗ ಈ ಮಾಪಕಗಳನ್ನು ನಂಬಿ ಕಡಲಿಗೆ ಇಳಿಯುತ್ತಾನೆ, ಅಂದಾಜಿನ ಮೇಲೆ ಕೆಲಸ ಮುಗಿಸಲು ನನಗೆ ಮನಸ್ಸಿಲ್ಲ. ಭಾನುವಾರ ಮತ್ತೆ ಹೊರಡುತ್ತೇನೆ. ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.