ಎಂಟನೇ ತರಗತಿಗೆ ಹೋಬಳಿ ಹೈಸ್ಕೂಲಾ, ಕಲಬುರಗಿ ಇಂಗ್ಲಿಷ್ ಮೀಡಿಯಮ್ಮಾ? ಮೂರು ವರ್ಷದ ತಯಾರಿ ಹೆಂಗ?

ಜೇವರ್ಗಿ ಪಾಲಕ:
ನಮಸ್ಕಾರ್ರಿ. ಮಗಳು ನಮ್ಮೂರ ಸರ್ಕಾರಿ ಶಾಲ್ಯಾಗ ಏಳನೇ ತರಗತಿ ಮುಗ್ಸ್ಯಾಳ, ಕನ್ನಡ ಮೀಡಿಯಂ. ಊರು ಜೇವರ್ಗಿ ತಾಲೂಕಿನಾಗ ಬರ್ತದ, ಇಲ್ಲಿ ಎಂಟನೇ ತರಗತಿ ಇಲ್ಲ. ಎರಡು ದಾರಿ ಅವ. ಒಂದು, ಆರು ಕಿಲೋಮೀಟರ್ ದೂರದ ಹೋಬಳಿ ಊರಿನ ಸರ್ಕಾರಿ ಹೈಸ್ಕೂಲು, ಅದೂ ಕನ್ನಡ ಮೀಡಿಯಂ. ಇನ್ನೊಂದು, ಕಲಬುರಗ್ಯಾಗ ತಮ್ಮನ ಮನ್ಯಾಗ ಇಟ್ಟು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲಿಗಿ ಹಾಕೋದು. ಮುಂದ ಪಿಯುಸಿ ಸೈನ್ಸ್ ತಗೊಂಡು ಡಾಕ್ಟರ್ ಇಲ್ಲಾ ಕೃಷಿ ಬಿಎಸ್ಸಿ ಮಾಡ್ಬೇಕಂತ ಅಕಿಗಿ ಆಸೆ ಅದ. ಓದಿನಾಗ ಚಲೋ ಇದ್ದಾಳ, ಗಣಿತ ಮಾತ್ರ ಹಿಂದ. ಯಾವ ಶಾಲಿ ಸರಿ? ಎಂಟರಿಂದ ಹತ್ತರ ತನಕ ಏನೇನು ಮಾಡಿಸ್ಬೇಕು? ತಿಳಿದವ್ರು ಬಿಡಿಸಿ ಹೇಳ್ರಿ.

ಸೀಟು ಲೆಕ್ಕ:
ಟಿ.ಸಿ. ತೆಗೆಸೋ ಮೊದಲು ಈ ಲೆಕ್ಕ ನೋಡಿಕೊಳ್ರಿ. ಎಂಟನೇ ತರಗತಿಗೆ ಶಾಲೆ ಬದಲಿಸಿದ್ದರ ಪರಿಣಾಮ ಐದು ವರ್ಷದ ಮೇಲೆ ಸಿಇಟಿ (ಪಿಯುಸಿ ನಂತರದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಅರ್ಜಿ ತುಂಬುವಾಗ ಕಾಣಿಸ್ತದ. ಆವಾಗ ಏನೂ ಮಾಡಲಿಕ್ಕೆ ಬರಲ್ಲ.

ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಗ್ರಾಮೀಣಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷ. ನಿಮ್ಮ ಮಗಳು ಈಗಾಗಲೇ ಏಳು ವರ್ಷ ಮುಗಿಸಿದ್ದಾಳೆ. ಕಲಬುರಗಿಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಎರಡೂ ಮೀಸಲಾತಿ ಒಟ್ಟಿಗೇ ಕೈತಪ್ಪುತ್ತವೆ. ಏಳು ವರ್ಷ ಓದಿದ್ದಕ್ಕೆ ಭಾಗಶಃ ಲಾಭ ಅನ್ನೋದು ಇಲ್ಲ. (ಎಸ್‌ಸಿ, ಎಸ್‌ಟಿ, ಪ್ರವರ್ಗ 1 ಬಿಟ್ಟು ಉಳಿದವರು ಗ್ರಾಮೀಣ ಮೀಸಲಾತಿ ಪಡೆಯಲು ಕೆನೆಪದರದಲ್ಲಿ, ಅಂದ್ರೆ ಸ್ಥಿತಿವಂತರ ವರ್ಗದಲ್ಲಿ, ಬರಬಾರದು. ನಿಮ್ಮ ವರ್ಗ ಯಾವುದೆಂದು ನೋಡಿಕೊಳ್ಳಿ.)

ಒಂದು ಎಚ್ಚರಿಕೆ. ಹೋಬಳಿ ಊರು ಅಂದ ಮಾತ್ರಕ್ಕೆ ಗ್ರಾಮೀಣ ಆಗಲ್ಲ. ಶಾಲೆ ಇರೋ ಜಾಗ ಗ್ರಾಮ ಪಂಚಾಯಿತಿಗೆ ಸೇರಿರಬೇಕು. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಯಾವುದರ ಗಡಿಯೊಳಗಿದ್ದರೂ ಲೆಕ್ಕಕ್ಕೆ ಬರಲ್ಲ. ದೊಡ್ಡ ಊರುಗಳು ಪಟ್ಟಣ ಪಂಚಾಯಿತಿ ಆಗ್ತಾ ಇರೋದರಿಂದ ಪ್ರವೇಶಕ್ಕೆ ಮೊದಲೇ ಮುಖ್ಯಶಿಕ್ಷಕರನ್ನು ಇಲ್ಲವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯನ್ನು ಕೇಳಿ ಖಚಿತ ಮಾಡ್ಕೊಳ್ರಿ. ಮುಂದೆ ವ್ಯಾಸಂಗ ಪ್ರಮಾಣ ಪತ್ರಕ್ಕೆ ಮುಖ್ಯಶಿಕ್ಷಕರ ಸಹಿ, ಬಿಇಒ ಮೇಲುಸಹಿ ಬೇಕಾಗ್ತದ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರೋ ಮೀಸಲಾತಿ ಇವೆರಡರಿಂದ ಪ್ರತ್ಯೇಕ. ಅದು ಶಾಲೆ ಎಲ್ಲಿತ್ತು ಅನ್ನೋದರ ಮೇಲಲ್ಲ, ನೀವು ಈ ಪ್ರದೇಶದ ಸ್ಥಳೀಯರೇ ಅನ್ನೋದರ ಮೇಲೆ ನಿಂತದ. ಕಲಬುರಗಿಯಲ್ಲಿ ಓದಿದರೂ ಹೋಗಲ್ಲ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಇದರಡಿ ಬರ್ತವೆ. ವೈದ್ಯಕೀಯಕ್ಕೆ ಕಲಬುರಗಿ ಜಿಮ್ಸ್, ಬೀದರ್ ಬ್ರಿಮ್ಸ್, ಯಾದಗಿರಿ ಯಿಮ್ಸ್, ಕೃಷಿಗೆ ಭೀಮರಾಯನಗುಡಿ ಕಾಲೇಜು, ಎಲ್ಲ ಈ ಪ್ರದೇಶದವೇ. ಅರ್ಹತಾ ಪತ್ರ ಕೊಡೋದು ಸಹಾಯಕ ಆಯುಕ್ತರು. ಜೇವರ್ಗಿ ತಾಲೂಕು ಕಲಬುರಗಿ ಉಪವಿಭಾಗಕ್ಕೆ ಬರ್ತದ. ಪಿಯುಸಿ ಫಲಿತಾಂಶದ ಹೊತ್ತಿಗೆ ಎ.ಸಿ. ಕಚೇರಿ ಮುಂದೆ ಸಾಲು ಹಚ್ಚೋದಕ್ಕಿಂತ ಒಂಬತ್ತನೇ ತರಗತಿಯಲ್ಲೇ ಮಾಡಿಸಿ ಇಟ್ಕೊಳ್ರಿ.

ಶಾಲೆಯಲ್ಲಿ ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಇದ್ದರೆ ನನ್ನ ಮತ ಹೋಬಳಿ ಹೈಸ್ಕೂಲಿಗೆ. ಬರೀ ಅತಿಥಿ ಶಿಕ್ಷಕರು, ಅದೂ ಆಗಾಗ ಬದಲಾಗ್ತಾ ಇದ್ದರೆ ಹತ್ತಿರದ ಇನ್ನೊಂದು ಗ್ರಾಮ ಪಂಚಾಯಿತಿ ಊರಿನ ಹೈಸ್ಕೂಲು ನೋಡ್ರಿ. ಓಡಾಟದ ಖರ್ಚು ಅಡ್ಡಿ ಆಗಬಾರದು, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಪುಕ್ಕಟೆ. ಶಾಲೆ ಬಿಡೋ ಹೊತ್ತಿಗೆ ವಾಪಸ್ ಬಸ್ ಅದ ಇಲ್ಲೋ ಅನ್ನೋದನ್ನ ಮಾತ್ರ ಮೊದಲು ನೋಡಿಕೊಳ್ರಿ.

ಸ್ಕಾಲರ್‌ಶಿಪ್ ಮಾಹಿತಿ:
ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಕಾರಣ ಸೇರಿಸ್ತೀನಿ: ಎನ್‌ಎಂಎಂಎಸ್, ಅಂದ್ರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಇದರ ಪರೀಕ್ಷೆ ಎಂಟನೇ ತರಗತಿಯಲ್ಲಿ ಒಂದೇ ಸಲ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಅನುದಾನ ಇಲ್ಲದ ಖಾಸಗಿ ಶಾಲೆಗೆ ಹೋದರೆ ಬರೆಯೋಕೇ ಆಗಲ್ಲ. ಆಯ್ಕೆಯಾದ ಮೇಲೆ ಖಾಸಗಿಗೆ ಹೋದರೂ ಹಣ ನಿಲ್ತದ.

ಮೊತ್ತ ವರ್ಷಕ್ಕೆ ₹12,000. ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ನಾಲ್ಕು ವರ್ಷ, ಒಟ್ಟು ₹48,000. ಪಾಲಕರ ವಾರ್ಷಿಕ ಆದಾಯ ₹3.5 ಲಕ್ಷ ದಾಟಬಾರದು. ಏಳನೇ ತರಗತಿಯಲ್ಲಿ ಶೇ. 55 ಬಂದಿರಬೇಕು, ಎಸ್‌ಸಿ, ಎಸ್‌ಟಿಗೆ ಶೇ. 50 ಸಾಕು.

ಎರಡು ಪತ್ರಿಕೆ. ಬೌದ್ಧಿಕ ಸಾಮರ್ಥ್ಯದ್ದು 90 ಪ್ರಶ್ನೆ, 90 ನಿಮಿಷ. ವಿಜ್ಞಾನ, ಸಮಾಜ, ಗಣಿತ ಸೇರಿದ್ದು 90 ಪ್ರಶ್ನೆ, 90 ನಿಮಿಷ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಒಂದೂ ಖಾಲಿ ಬಿಡಬಾರದು. ಹಳ್ಳಿ ಮಕ್ಕಳು ಸೋಲೋದು ಮೊದಲನೇ ಪತ್ರಿಕೆಯಲ್ಲಿ, ಯಾಕಂದ್ರೆ ಸಂಖ್ಯಾ ಸರಣಿ, ಸಂಕೇತ ಭಾಷೆ, ಕನ್ನಡಿ ಪ್ರತಿಬಿಂಬ, ರಕ್ತಸಂಬಂಧದ ಪ್ರಶ್ನೆಗಳನ್ನು ತರಗತಿಯಲ್ಲಿ ಯಾರೂ ಕಲಿಸಲ್ಲ. ಜೂನ್‌ನಿಂದಲೇ ದಿನಕ್ಕೆ 15 ಪ್ರಶ್ನೆ ಮಾಡಿಸಿ. ಪ್ರಶ್ನೆಗೆ ಒಂದು ನಿಮಿಷ ಅನ್ನೋ ಅಭ್ಯಾಸ ದಸರಾ ರಜೆಯೊಳಗೆ ಕೂಡಬೇಕು. ಎರಡನೇ ಪತ್ರಿಕೆಗೆ ಏಳನೇ ತರಗತಿಯ ಪುಸ್ತಕಗಳೂ ಬೇಕು, ಶಾಲೆಗೆ ವಾಪಸ್ ಕೊಡದೆ ಇಟ್ಕೊಳ್ರಿ.

ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಆಗಸ್ಟ್‌ನಿಂದ ಮುಖ್ಯಶಿಕ್ಷಕರನ್ನು ಕೇಳ್ತಾ ಇರ್ರಿ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ ಮುಗೀಲಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು, ಆಮೇಲೆ ಪ್ರತಿ ವರ್ಷ ನವೀಕರಣ. ಪಾಸಾದ ಮಕ್ಕಳೂ ಇಲ್ಲೇ ಕಳೆದುಕೊಳ್ತಾರೆ, ನೋಡಿದರೆ ಹೊಟ್ಟೆ ಉರೀತದ. ಹತ್ತನೇ ತರಗತಿಯಲ್ಲಿ ಶೇ. 60 ಬರದಿದ್ದರೆ (ಎಸ್‌ಸಿ, ಎಸ್‌ಟಿಗೆ ಶೇ. 55) ಪಿಯುಸಿಯ ಎರಡು ವರ್ಷದ ಹಣ ಸಿಗಲ್ಲ.

ಇನ್ನು ದಾಖಲೆ. ಸ್ಯಾಟ್ಸ್‌ನಲ್ಲಿ (ಶಾಲೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಇರೋ ಹೆಸರು, ಆಧಾರ್ ಹೆಸರು, ಬ್ಯಾಂಕ್ ಪಾಸ್‌ಬುಕ್ ಹೆಸರು ಅಕ್ಷರ ಅಕ್ಷರಕ್ಕೂ ಒಂದೇ ಇರಬೇಕು. ನಮ್ಮ ಕಡೆ ಒಂದರಲ್ಲಿ ತಂದೆ ಹೆಸರು ಸೇರಿರ್ತದ, ಇನ್ನೊಂದರಲ್ಲಿ ಅಡ್ಡಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗೋದು ಸ್ಯಾಟ್ಸ್ ಹೆಸರು, ತಿದ್ದೋದಿದ್ದರೆ ಈಗಲೇ ತಿದ್ದಿಸ್ರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸೋದು ಬೇರೆ, ಸರ್ಕಾರಿ ಹಣ ಜಮಾ ಆಗೋಕೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರೋದು ಬೇರೆ. ಬ್ಯಾಂಕಿನಲ್ಲಿ ಎರಡನೆಯದನ್ನ ಹೆಸರಿಟ್ಟು ಕೇಳ್ರಿ. ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷ ಮಾನ್ಯತೆ. ನಾಡಕಚೇರಿಯಲ್ಲಿ ಹಳೆಯದರ ಅವಧಿ ನೋಡಿಸಿ, ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಬರೆದಿಟ್ಕೊಳ್ರಿ.

ಗಣಿತ ಮಾಸ್ತರ, ಶಹಾಪುರ:
ಗಣಿತ ಹಿಂದ ಅದ ಅಂದ್ರಿ, ಎಷ್ಟು ಹಿಂದ ಅನ್ನೋದು ಮೊದಲು ಗೊತ್ತಾಗಬೇಕು. ಒಂದು ಹಾಳಿ ಮೇಲೆ ಈ ಐದು ಲೆಕ್ಕ ಬರಕೊಡ್ರಿ: −7 + 3, 3/4 + 2/5, 2.5 × 0.4, 240ರ ಶೇ. 15, 5 − (8 − 3). ಉತ್ತರ ಕ್ರಮವಾಗಿ −4, 23/20, 1, 36, 0.

ತಪ್ಪು ಉತ್ತರದಾಗೇ ರೋಗ ಕಾಣ್ತದ. ಎರಡನೇದಕ್ಕ 5/9 ಬರದ್ರ ಛೇದ ಅಂದ್ರೇನು ಅಂತ ತಿಳಿದಿಲ್ಲ, ಐದನೇ ತರಗತಿಯ ಭಿನ್ನರಾಶಿಗೆ ವಾಪಸ್ ಹೋಗಬೇಕು. ಐದನೇದಕ್ಕ −6 ಬಂದ್ರ ಆವರಣದ ಹೊರಗಿನ ಋಣ ಚಿಹ್ನೆ ಒಳಗ ಹೋಗಿಲ್ಲ. ಈ ಒಂದು ತಪ್ಪು ಬೀಜಗಣಿತದ ಪ್ರತಿ ಪಾಠದಾಗ ಅಂಕ ತಿಂತದ.

ಶಾಲಿ ಸುರುವಾದ ಕೂಡ್ಲೆ ಸೇತುಬಂಧ, ಅಂದ್ರ ಹಿಂದಿನ ತರಗತಿ ಪಾಠದ ಮರುಕಲಿಕೆ, ನಡೀತದ. ಅದರ ಪೂರ್ವ ಪರೀಕ್ಷೆಯ ಹಾಳಿ ಕೇಳಿ ನೋಡ್ರಿ, ಯಾವ ಸಾಮರ್ಥ್ಯ ಬಂದಿಲ್ಲ ಅಂತ ಅದರಾಗ ಇರ್ತದ. ಮೊದಲ ಆರು ವಾರ ದಿನಾ 40 ನಿಮಿಷ ಇವಿಷ್ಟೇ ಮಾಡಿಸ್ರಿ: 20ರ ತನಕ ಮಗ್ಗಿ, ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಶೇಕಡಾ. ಎಂಟನೇ ತರಗತಿ ಪಾಠ ಮುಂದ ಓಡಿದ್ರೂ ಹೆದರಬ್ಯಾಡ್ರಿ.

ಎಂಟನೇ ತರಗತ್ಯಾಗ ಬಿಡಬಾರದ ಪಾಠ ಎರಡು, ಅಪವರ್ತಿಸುವಿಕೆ ಮತ್ತು ಅನುಪಾತ. 'ಎಕ್ಸ್ ವರ್ಗ + 5 ಎಕ್ಸ್ + 6' ಇದನ್ನ (ಎಕ್ಸ್ + 2)(ಎಕ್ಸ್ + 3) ಅಂತ ಒಡಿಯೋದು ಬಂದ್ರ ಒಂಬತ್ತರ ಬಹುಪದೋಕ್ತಿ ಸಲೀಸು, ಹತ್ತರ ವರ್ಗ ಸಮೀಕರಣ ಅದರ ಮುಂದಿನ ಹೆಜ್ಜೆ. ಅನುಪಾತ ಬಂದ್ರ ಹತ್ತರ ಸಮರೂಪ ತ್ರಿಭುಜ, ತ್ರಿಕೋನಮಿತಿ ತಿಳೀತಾವ. ಹತ್ತನೇ ತರಗತ್ಯಾಗ ತ್ರಿಕೋನಮಿತಿ ತಿಳೀವಲ್ದು ಅನ್ನೋ ಮಕ್ಕಳದ್ದು ಬಹಳ ಸಲ ತ್ರಿಕೋನಮಿತಿಯ ತೊಂದ್ರೆ ಅಲ್ಲ, ಎಂಟರಾಗ ಬಿಟ್ಟ ಅನುಪಾತದ್ದು.

ಒಂದು ತಪ್ಪಿನ ನೋಟಬುಕ್ ಇಡಿಸ್ರಿ. ತಪ್ಪಾದ ಲೆಕ್ಕ, ಎಲ್ಲಿ ತಪ್ತು, ಸರಿ ಉತ್ತರ. ವಾರಕ್ಕೊಮ್ಮೆ ಅದನ್ನ ಮುಚ್ಚಿ ಮತ್ತ ಮಾಡಬೇಕು. ಗೈಡ್ ನೋಡಿ ಉತ್ತರ ಇಳಿಸೋದು ಒಂಬತ್ತರ ತನಕ ನಡೀತದ, ಹತ್ತರಾಗ ಕೈಕೊಡ್ತದ.

ಎಸ್ಸೆಸ್ಸೆಲ್ಸಿ 625 ಅಂಕದ್ದು. ಪ್ರಥಮ ಭಾಷೆ 125, ಉಳಿದ ಐದು ತಲಾ 100. ಪ್ರಥಮ ಭಾಷ್ಯಾಗ 25, ಉಳಿದವುದ್ರಾಗ 20 ಆಂತರಿಕ ಅಂಕ, ಅದು ವರ್ಷದ ಉದ್ದಕ್ಕೂ ನಡಿಯೋ ರೂಪಣಾತ್ಮಕ ಮೌಲ್ಯಮಾಪನದಿಂದ (ಎಫ್‌ಎ) ಬರ್ತದ. ಹತ್ತರಾಗ ಒಂದು ಎಫ್‌ಎ ಪರೀಕ್ಷಾನೂ ತಪ್ಪಿಸಬಾರದು. ಹತ್ತಿ ಬಿಡಿಸೋ ಹಂಗಾಮಿನಾಗ ಮಕ್ಕಳನ್ನ ಹೊಲಕ್ಕ ಕರಕೊಂಡು ಹೋಗೋ ಪಾಲಕರು ಇದನ್ನ ಗಟ್ಟಿಯಾಗಿ ನೆನಪಿಟ್ಕೋಬೇಕು.

ಜೇವರ್ಗಿ ಪಾಲಕ:
ಬಹಳ ಉಪಕಾರ ಆತ್ರಿ. ಹೋಬಳಿ ಊರು ಗ್ರಾಮ ಪಂಚಾಯಿತೀನೇ ಅದ. ಒಂದೇ ಹೆದರಿಕಿ, ಹತ್ತರ ತನಕ ಕನ್ನಡದಾಗ ಓದಿ ಪಿಯುಸಿ ಸೈನ್ಸ್ ಇಂಗ್ಲಿಷಿನಾಗ ಅಂದ್ರ ಹುಡುಗಿ ತತ್ತರಿಸಲ್ಲೇನ್ರಿ?

ಸೀಟು ಲೆಕ್ಕ:
ಪಿಯುಸಿಯ ಮೊದಲ ಮೂರು ತಿಂಗಳು ಕಷ್ಟ ಆಗೋದು ನಿಜ, ಆದರೆ ಅದಕ್ಕೆ ಮೂರು ವರ್ಷ ಮೊದಲೇ ತಯಾರಿ ಮಾಡಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಗಣಿತ, ವಿಜ್ಞಾನದ ಇಂಗ್ಲಿಷ್ ಪುಸ್ತಕ ಪುಕ್ಕಟೆ ಸಿಗ್ತದ. ಪಾಠ, ಚಿತ್ರ, ಲೆಕ್ಕ ಕನ್ನಡ ಪುಸ್ತಕದ್ದೇ. ಎಂಟನೇ ತರಗತಿಯಲ್ಲಿ ಪ್ರತಿ ಪಾಠ ಮುಗಿದ ಮೇಲೆ ಇಂಗ್ಲಿಷ್ ಪುಸ್ತಕದ ಚಿತ್ರಗಳ ಹೆಸರು ಮಾತ್ರ ಬರೆದುಕೊಳ್ಳಲಿ: ಜೀವಕೋಶ ಸೆಲ್, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್, ಹೀಗೆ ಪಾಠಕ್ಕೆ 15 ಪದ. ಒಂಬತ್ತರಲ್ಲಿ ಪಾಠದ ಕೊನೆಯ ಸಾರಾಂಶ ಇಂಗ್ಲಿಷಿನಲ್ಲಿ ಓದಲಿ. ಆ ವರ್ಷವೇ ವೇಗೋತ್ಕರ್ಷ, ಸಂವೇಗ ಬರೋದರಿಂದ ಭೌತಶಾಸ್ತ್ರದ ಲೆಕ್ಕಗಳನ್ನು ಇಂಗ್ಲಿಷ್ ಪುಸ್ತಕದಿಂದಲೂ ಬಿಡಿಸಬೇಕು. ಹತ್ತರಲ್ಲಿ ಇದನ್ನ ನಿಲ್ಲಿಸಿ, ಪರೀಕ್ಷೆ ಕನ್ನಡದಲ್ಲೇ ಬರೀಬೇಕಲ್ಲ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇನಲ್ಲಿ ಹತ್ತರ ವಿಜ್ಞಾನವನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಓದಿದರೆ ಪಿಯು ತರಗತಿ ಪೂರಾ ಅಪರಿಚಿತ ಅನ್ನಿಸಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಲಭ್ಯ ಇದೆ ಅನ್ನೋದೂ ತಿಳಿದಿರಲಿ.

ಭಾಲ್ಕಿಯಿಂದ:
ಇದೇ ಎಳೆಯಲ್ಲಿ ಕೇಳ್ತೀನಿ. ಮಗ ನಮ್ಮ ಹಳ್ಳಿಯ ಮರಾಠಿ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿದ್ದಾನೆ. ಅವನಿಗೆ ಗ್ರಾಮೀಣ ಮೀಸಲಾತಿ ಸಿಗ್ತದಾ? ಎಂಟಕ್ಕೇ ಮಹಾರಾಷ್ಟ್ರದ ಉದಗೀರಿಗೆ ಕಳಿಸಿ, ಮುಂದೆ ಲಾತೂರಿನಲ್ಲಿ ನೀಟ್ ಕೋಚಿಂಗ್ ಕೊಡಿಸೋ ವಿಚಾರ ಇದೆ.

ಸೀಟು ಲೆಕ್ಕ:
ಗ್ರಾಮೀಣಕ್ಕೆ ಮಾಧ್ಯಮ ಯಾವುದಾದರೂ ನಡೀತದ, ಶಾಲೆ ಇದ್ದ ಜಾಗ ಮುಖ್ಯ. ಕನ್ನಡ ಮಾಧ್ಯಮದ ಶೇ. 5 ಮಾತ್ರ ಸಿಗಲ್ಲ. ಆದರೆ ಎಂಟಕ್ಕೇ ಉದಗೀರಿಗೆ ಕಳಿಸಿದರೆ ಗ್ರಾಮೀಣ ಹೋಗ್ತದ, ಯಾಕಂದ್ರೆ ಹತ್ತೂ ವರ್ಷ ಕರ್ನಾಟಕದ ಶಾಲೆಯೇ ಆಗಿರಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಸಿಇಟಿಗೆ ಕರ್ನಾಟಕದವರು ಅಂತ ಸಾಮಾನ್ಯವಾಗಿ ಅರ್ಹರಾಗೋದು ಇಲ್ಲಿ ಕನಿಷ್ಠ ಏಳು ವರ್ಷ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇವೆರಡರಲ್ಲಿ ಒಂದನ್ನ ಕರ್ನಾಟಕದಲ್ಲೇ ಪಾಸಾದವರು. ಹತ್ತನೇದೂ ಹನ್ನೆರಡನೇದೂ ಮಹಾರಾಷ್ಟ್ರದಲ್ಲೇ ಆದರೆ ಆ ದಾರಿ ಮುಚ್ಚಿಹೋಗ್ತದ. ಹತ್ತರವರೆಗೆ ಭಾಲ್ಕಿ ಕಡೆಯೇ ಓದಿಸಿ, ಇಲ್ಲೇ ಎಸ್ಸೆಸ್ಸೆಲ್ಸಿ ಬರೆಸ್ರಿ. ಲಾತೂರಿನ ಮಾತು ಆಮೇಲೆ ನೋಡಬಹುದು.