ಕೃತಕ ಕಾಲು ಹಾಕ್ಕೊಂಡು ಟ್ರೆಡ್‌ಮಿಲ್: ಕುಂಟು ಯಾಕೆ ಹೆಚ್ಚಾಗ್ತದ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಮೊಣಕಾಲ ಕೆಳಗಿನ ಕೃತಕ ಕಾಲು. ನೆಲದ ಮೇಲೆ ಕೋಲಿಲ್ಲದ ನಡಿಗೆ ಸಲೀಸು, ಟ್ರೆಡ್‌ಮಿಲ್ ಮೇಲೆ ಮಾತ್ರ ಕುಂಟು. ಯಾಕ್ರಿ?

ಉತ್ತರ: ವೇಗ ಜಾಸ್ತಿ ಇಟ್ಟಿರ್ತೀರಿ. ಏರು ಸೊನ್ನೆ, ಗಂಟೆಗೆ 1 ಕಿ.ಮೀ.ನಿಂದ ಶುರು ಮಾಡ್ರಿ. 5 ನಿಮಿಷ ನಡೆದು ಕೂಡ್ರಿ, ಮತ್ತ 5. ಕೃತಕ ಕಾಲಿನ ಮೇಲೆ ಪೂರ್ತಿ ಭಾರ ಬಿಡಲು ಅಂಜಿ, ಒಳ್ಳೆ ಕಾಲನ್ನು ಗಡಬಡಿಸಿ ಹತ್ತಿರದಲ್ಲೇ ಊರೋದರಿಂದ ಕುಂಟು ಬರ್ತದ. ಒಳ್ಳೆ ಕಾಲಿನ ಹೆಜ್ಜೆ ಉದ್ದ ಮಾಡ್ರಿ. ಕಂಬಿಗೆ ಬೆರಳು ತಾಗಿದ್ರ ಸಾಕು. ಜೋತುಬಿದ್ರ ಭಾರ ಕೈಗೆ ಹೋಗಿ ಅಭ್ಯಾಸನ ಆಗೂದಿಲ್ಲ. ಸೇಫ್ಟಿ ಕ್ಲಿಪ್ (ಎಳೆದ್ರ ಬೆಲ್ಟ್ ನಿಲ್ಲಿಸೋ ದಾರದ ಕ್ಲಿಪ್) ಅಂಗಿಗೆ ಕಡ್ಡಾಯ.

ಉತ್ತರ: ಬೂಟು ಬದಲಿಸಿದ್ರೇನು? ಹಿಮ್ಮಡಿ ಎತ್ತರ ಬೇರೆಯಾದ್ರ ಅಲೈನ್‌ಮೆಂಟ್ (ಕೃತಕ ಕಾಲಿನ ಭಾಗಗಳನ್ನ ಹೊಂದಿಸಿದ ಕೋನ) ಕೆಡ್ತದ. ಇನ್ನೊಂದು, ನಡೀತಾ ನಡೀತಾ ಮೊಂಡುಗಾಲು (ಕತ್ತರಿಸಿ ಉಳಿದ ಕಾಲು) ಸಣ್ಣಾಗಿ ಸಾಕೆಟ್ (ಅದು ಕೂಡೋ ಬಟ್ಟಲು) ಒಳಗೆ ಇಳೀತದ, ಮೊಣಚಿಪ್ಪಿನ ಕೆಳತುದಿ ನೋಯ್ತದ. ಮೊಂಡುಗಾಲಿಗೆ ಒಂದು ಪ್ಲೈ (ದಪ್ಪದ ಅಳತೆ) ಕಾಲುಚೀಲ ಸೇರಿಸ್ರಿ. ಏಪ್ರಿಲ್ ಬಿಸಿಲಿಗೆ ಲೈನರ್ (ಮೊಂಡುಗಾಲಿಗೆ ಹಾಕೋ ಮೆತ್ತನೆ ಕವಚ) ಬೆವರಿಗೆ ಜಾರ್ತದ, ನಡುವೆ ತೆಗೆದು ಒರೆಸ್ರಿ. ಕೆಂಪು ಗುರುತು 20 ನಿಮಿಷಕ್ಕೂ ಮಾಸದಿದ್ರ ಅವತ್ತಿಗೆ ಸಾಕು, ಸಾಕೆಟ್ ಮಾಡಿದವರಿಗೆ ತೋರಿಸ್ರಿ.

ಉತ್ತರ: ಮೊಣಕಾಲ ಮೇಲೆ ಕಾಲು ಕತ್ತರಿಸಿದವರಿಗೆ ಈ ಲೆಕ್ಕ ಸಾಲೂದಿಲ್ಲ. ಸಾದಾ ಘರ್ಷಣೆಯ (ಕೀಲಿನ ತಿಕ್ಕಾಟದಿಂದಲೇ ಬೀಸು ತಡೆಯೋ) ಕೃತಕ ಮೊಣಕಾಲನ್ನ ಒಂದೇ ವೇಗಕ್ಕೆ ಹೊಂದಿಸಿರ್ತಾರ. ಬೆಲ್ಟ್ ಜೋರಾದ್ರ ಕೆಳಗಾಲು ಮುಂದೆ ಬರೂದು ತಡ ಆಗಿ, ಊರಿದ ಕೂಡಲೇ ಮೊಣಕಾಲು ಮಡಚ್ತದ. ಕರೆಂಟ್ ಹೋದ್ರ ಬೆಲ್ಟ್ ಗಕ್ಕನೆ ನಿಲ್ತದ, ಹಿಂದೊಬ್ಬರು ಇರ್ಲಿ.