ಮಲೆನಾಡಿನ ಬೇಸಿಗೆ ಶಿಬಿರಕ್ಕೆ ಮಗಳನ್ನು ಕಳಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಮಗಳಿಗೆ 10 ವರ್ಷ, ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲೇ ಬೆಳೆದವಳು. ಏಪ್ರಿಲ್ ಕೊನೆಯಲ್ಲಿ ತೀರ್ಥಹಳ್ಳಿ ಕಡೆ ಒಂದು ವಾರದ ಶಿಬಿರ ಇದೆ. ಟೆಂಟ್, ಹಳ್ಳದಲ್ಲಿ ಆಟ, ಬೆಟ್ಟ ಹತ್ತುವುದು. ಫೋನ್ ಇಲ್ಲ. ಅವಳಂತೂ ಈಗಲೇ ಬ್ಯಾಗ್ ತುಂಬುತ್ತಿದ್ದಾಳೆ. ಮಂಗನ ಕಾಯಿಲೆ ಇರುವ ಕಡೆ ಯಾಕೆ ಅಂತ ಅತ್ತೆ ಬೇಡ ಅನ್ನುತ್ತಿದ್ದಾರೆ. ಏನು ನೋಡಿ ತೀರ್ಮಾನ ಮಾಡಲಿ?

ಉತ್ತರ (ಶಿಬಿರ ತರಬೇತುದಾರ): ನಿಮ್ಮ ಅತ್ತೆಯವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ ಮೇಡಂ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ, ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ.

ಹಾಗಂತ ಇಡೀ ಮಲೆನಾಡನ್ನೇ ಬಿಡಬೇಕಿಲ್ಲ. ಶಿಬಿರ ನಡೆಯುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಈ ವರ್ಷ ಸುತ್ತಮುತ್ತ ಮಂಗ ಸತ್ತಿವೆಯಾ, ಯಾರಿಗಾದರೂ ಕಾಯಿಲೆ ಬಂದಿದೆಯಾ? ಹೌದು ಅಂದರೆ ಆ ಶಿಬಿರ ಬೇಡ. ಇಲ್ಲ ಅಂದರೂ ತರಗೆಲೆ ಮೇಲೆ ಕೂರಬಾರದು, ಪ್ಯಾಂಟ್ ತುದಿ ಸಾಕ್ಸ್ ಒಳಗಿರಬೇಕು. ಸಂಜೆ ಸ್ನಾನದ ಹೊತ್ತಿಗೆ ಮೈ ನೋಡಬೇಕು: ಕಿವಿ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಕೂರುವ ಜಾಗ, ಮಂಡಿ ಹಿಂದೆ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಣ್ಣು ತಪ್ಪಿಸುತ್ತದೆ. ಹೆಣ್ಣುಮಕ್ಕಳ ಮೈ ನೋಡಲು ಹೆಂಗಸರು ಯಾರಿದ್ದಾರೆ ಅಂತ ಕೇಳಿ. ಆಯೋಜಕರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಇನ್ನು ಬೆಟ್ಟ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಎಷ್ಟೋ ಚಾರಣದ ದಾರಿ ಮುಚ್ಚುತ್ತದೆ. ಯಾವ ಬೆಟ್ಟ, ಅನುಮತಿ ಪತ್ರ ಎಲ್ಲಿ ಅಂತ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದೇ ಹೆಚ್ಚು. ಆಗ ಮಕ್ಕಳನ್ನು ಟೆಂಟಿನಲ್ಲಿ ಕೂರಿಸಬಾರದು, ಹತ್ತಿರದಲ್ಲೇ ಗಟ್ಟಿ ಕಟ್ಟಡ ಇರಬೇಕು.

ಕರಪತ್ರದಲ್ಲಿ ಹಗ್ಗದಾಟ, ಬಿಲ್ಲುಬಾಣ ಎಲ್ಲಾ ಇರುತ್ತದೆ. ನಾನು ಅದನ್ನು ಓದುವುದೇ ಇಲ್ಲ. ರಾತ್ರಿ ಮಕ್ಕಳ ಹತ್ತಿರ ಮಲಗುವವರು ಯಾರು? ಹಾವಿನ ವಿಷಕ್ಕೆ ಔಷಧಿ ಇರುವ ಆಸ್ಪತ್ರೆ ಎಷ್ಟು ದೂರ? ರಾತ್ರಿಯೆಲ್ಲಾ ವಾಹನ ಇರುತ್ತದಾ? ನಾನು ದುಡ್ಡು ಕೊಡುವುದು ಇದಕ್ಕೆ. ಅಮೆರಿಕದ ಕ್ಯಾಂಪ್ ಸಂಘದ ಲೆಕ್ಕದಲ್ಲಿ 9ರಿಂದ 14 ವರ್ಷದವರ ರಾತ್ರಿ ಶಿಬಿರಕ್ಕೆ 8 ಮಕ್ಕಳಿಗೆ ಒಬ್ಬರು ಇರಬೇಕು. ನಮ್ಮಲ್ಲೂ ಅಷ್ಟನ್ನು ಕೇಳುವುದು ಜಾಸ್ತಿ ಏನಲ್ಲ.

ಇನ್ನೊಬ್ಬರ ಪ್ರಶ್ನೆ: ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹಾಕಿದರೆ ಬಿಡುತ್ತದೆ ಅಲ್ವಾ ಸರ್?

ಉತ್ತರ: ಬೇಡ ಸರ್. ಬೆಂಕಿಕಡ್ಡಿಯೂ ಬೇಡ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನಿಧಾನವಾಗಿ ನೇರ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ಉಗುರಲ್ಲಿ ಕುಕ್ಕಬೇಡಿ. ಇಂಬಳದ (ಕಾಡಿನ ಜಿಗಣೆ) ವಿಷಯ ಬೇರೆ, ಅದು ಮಳೆ ಬಿದ್ದ ಮೇಲಿನ ಕಾಟ. ಉಪ್ಪು ಹಾಕಿದರೆ ಬಿಡುತ್ತದೆ, ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ರಾತ್ರಿ ಅಮ್ಮ ಬೇಕು ಅಂತ ಅತ್ತರೆ? ಬೇಜಾರಾದರೆ ಬಂದು ಕರೆದುಕೊಂಡು ಬರುತ್ತೇನೆ ಅಂತ ಹೇಳಿದ್ದೇನೆ.

ಉತ್ತರ: ಆ ಮಾತು ವಾಪಸ್ ತೆಗೆದುಕೊಳ್ಳಿ ಮೇಡಂ. ಆ ಮಾತು ಇದ್ದರೆ ಮಗು ಶಿಬಿರಕ್ಕೆ ಹೊಂದಿಕೊಳ್ಳುವ ಬದಲು ದಾರಿ ಕಾಯುತ್ತಾ ಕೂರುತ್ತದೆ. ಹಗಲಲ್ಲಿ ಅಳುವವರು ಕಡಿಮೆ, ದೀಪ ಆರಿಸಿದ ಮೇಲೆ ಶುರು. ಹೋಗುವ ಮೊದಲು ಒಂದೆರಡು ರಾತ್ರಿ ಅಜ್ಜಿ ಮನೆಯಲ್ಲೋ ಗೆಳತಿ ಮನೆಯಲ್ಲೋ ಬಿಡಿ. ಬ್ಯಾಗಿಗೆ ಅವಳದೇ ಹಳೇ ಹೊದಿಕೆ ಹಾಕಿ, ಹೊಸದು ಬೇಡ. ಕುರುಕಲು ತಿಂಡಿಯೂ ಬೇಡ, ಟೆಂಟಿಗೆ ಇರುವೆ ಬರುತ್ತದೆ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಅಭ್ಯಾಸ, ಮಾತ್ರೆ, ಅಲರ್ಜಿ ಏನಿದ್ದರೂ ಮುಚ್ಚಿಡದೆ ಬರೆದು ಕೊಡಿ.

ಮತ್ತೆ, ಮನೆಗೆ ಬಂದ ಎರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು "ಮಲೆನಾಡಿನ ಕಾಡಿಗೆ ಹೋಗಿದ್ದಳು" ಅಂತ. ಬೆಂಗಳೂರಿನಲ್ಲಿ ಅವರಾಗೇ ಕೇಳುತ್ತಾರೆ ಅಂತ ಕಾಯಬೇಡಿ.